ಪೆರಿಯದ ಗೆಳತಿಯನ್ನು ನೋಡಲು ಎರಡು ದಿನ: ಹೊಳೆಯ ಆಚೆ ಒಂದು, ಈಚೆ ಒಂದು

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಪಿಯುಸಿಯಿಂದ ಜೊತೆಗಿದ್ದ ಗೆಳತಿ ಈಗ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ, ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಒಂದು ಶನಿವಾರ, ಭಾನುವಾರ ಹೋಗಿ ಬರುವ ಆಸೆ. ಬೇಕಲ ಕೋಟೆ, ರಾಣಿಪುರಂ, ಹೌಸ್‌ಬೋಟ್, ಮಧೂರು, ಅನಂತಪುರ, ಮಂಜೇಶ್ವರ ಎಂದು ಪಟ್ಟಿ ಮಾಡಿದ್ದೇನೆ. ಅವಳಿಗೆ ಸೋಮವಾರ ಪರೀಕ್ಷೆ ಇದೆಯಂತೆ. ಹಾಸ್ಟೆಲಿನಲ್ಲಿ ಉಳಿಯಬಹುದೇ? ನನಗೆ ಮಲಯಾಳ ಬರುವುದಿಲ್ಲ. ನಾಲ್ಕು ಸಾವಿರ ರೂಪಾಯಿ ಸಾಕಾಗುತ್ತದಾ?

ಉತ್ತರ: ನಿಮ್ಮ ಪಟ್ಟಿ ನೋಡಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಗೆ ಬರುವ ನೆಂಟರೂ ಹೀಗೇ ಪಟ್ಟಿ ಹಿಡಿದು ಬರುತ್ತಾರೆ. ಕಾಸರಗೋಡಿನಲ್ಲಿ ಹುಟ್ಟಿ, ಇಲ್ಲೇ ಪಾಠ ಮಾಡಿ, ಊರು ತೋರಿಸುವ ಕೆಲಸವನ್ನು ಸಂಬಳವಿಲ್ಲದೆ ಮೂವತ್ತು ವರ್ಷ ಮಾಡಿದವನು ನಾನು. ಆ ಅನುಭವದಿಂದ ಹೇಳುತ್ತೇನೆ: ಪಟ್ಟಿಯಲ್ಲಿ ಎರಡನ್ನು ಈಗಲೇ ಹೊಡೆದು ಹಾಕಿ. ರಾಣಿಪುರಂ ಮತ್ತು ಹೌಸ್‌ಬೋಟ್.

ರಾಣಿಪುರಂ ಚೆನ್ನಾಗಿಲ್ಲ ಅಂತಲ್ಲ. ಹುಲ್ಲಿನ ಬೆಟ್ಟ, ಶೋಲ ಕಾಡು, ಎಲ್ಲ ಉಂಟು. ಆದರೆ ಅದು ಪೂರ್ವದ ಘಟ್ಟದ ಅಂಚಿನಲ್ಲಿದೆ. ಬಸ್ಸು ಹಿಡಿದು ಹೋಗಿ, ಹತ್ತಿ, ಇಳಿದು ಬರುವಷ್ಟರಲ್ಲಿ ಒಂದು ದಿನ ಪೂರ್ತಿ ಹೋಯಿತು. ಮಳೆಗಾಲವಾದರೆ ಇಂಬಳದ ಕಾಟ ಬೇರೆ. ಹೌಸ್‌ಬೋಟ್ ಇರುವುದು ನೀಲೇಶ್ವರದ ಆಚೆ, ವಲಿಯಪರಂಬದ ಹಿನ್ನೀರಿನಲ್ಲಿ. ಎಂಟು ಹತ್ತು ಜನ ಸೇರಿ ಬಾಡಿಗೆ ಹಂಚಿಕೊಂಡರೆ ಸರಿ. ಇಬ್ಬರಿಗೆ ದುಬಾರಿ.

ಉಳಿದದ್ದನ್ನು ಹೊಂದಿಸುವುದು ಸುಲಭ. ಮ್ಯಾಪಿನಲ್ಲಿ ಒಂದೇ ಒಂದು ಗೆರೆ ನೋಡಿ: ಚಂದ್ರಗಿರಿ ಹೊಳೆ. ಕೊಡಗಿನ ಕಡೆಯಿಂದ ಪಯಸ್ವಿನಿ ಎಂಬ ಹೆಸರಲ್ಲಿ ಬಂದು, ಕಾಸರಗೋಡು ಪೇಟೆಯ ದಕ್ಷಿಣಕ್ಕೆ ಕಡಲು ಸೇರುತ್ತದೆ. ಹಿಂದಿನ ಕಾಲದಲ್ಲಿ ತುಳುನಾಡಿನ ತೆಂಕಣ ಗಡಿ ಇದೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ ಆಯೋಗ ವರದಿ ಕೊಟ್ಟಾಗ, ಈ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಬರಬೇಕು ಎಂದಿತು. ಅದು ಜಾರಿಗೆ ಬರಲಿಲ್ಲ. ಆ ಕಥೆ ಎತ್ತಿದರೆ ನಾನು ಬೇಗ ನಿಲ್ಲಿಸುವುದಿಲ್ಲ, ಹಾಗಾಗಿ ಬಿಡೋಣ. ನಿಮಗೆ ಬೇಕಾದದ್ದು ಇಷ್ಟೇ. ಪೆರಿಯ ಮತ್ತು ಬೇಕಲ ಹೊಳೆಯ ದಕ್ಷಿಣಕ್ಕೆ. ಮಧೂರು, ಅನಂತಪುರ, ಮಂಜೇಶ್ವರ ಹೊಳೆಯ ಉತ್ತರಕ್ಕೆ, ಅಂದರೆ ನೀವು ವಾಪಸ್ ಹೋಗುವ ದಾರಿಯಲ್ಲೇ. ಶನಿವಾರ ದಕ್ಷಿಣದಲ್ಲಿರಿ, ಗೆಳತಿಯ ಜೊತೆ. ಭಾನುವಾರ ಬ್ಯಾಗ್ ಹೆಗಲಿಗೇರಿಸಿ ಹೊಳೆ ದಾಟಿ, ಒಬ್ಬರೇ. ಅವಳು ಓದಿಕೊಳ್ಳಲಿ.

ಒಬ್ಬರೇ ಎಂದದ್ದಕ್ಕೆ ಕಾರಣವಿದೆ. ಸೋಮವಾರ ಪರೀಕ್ಷೆ ಇರುವವಳನ್ನು ಭಾನುವಾರ ದೇವಸ್ಥಾನ ಸುತ್ತಿಸಿದರೆ ಅವಳು ಬಾಯಿಬಿಟ್ಟು ಬೇಡ ಅನ್ನುವುದಿಲ್ಲ. ಬೆಂಗಳೂರಿನಿಂದ ಬಂದವಳಿಗೆ ಹೇಗೆ ಬೇಡ ಅನ್ನುವುದು? ನೀವೇ ಮೊದಲು ಹೇಳಿಬಿಡಿ. ಒಂದು ವಾರ ಮುಂದೆ ಹಾಕಲು ಆದರೆ ಇನ್ನೂ ಒಳ್ಳೆಯದು. ಸೆಮಿಸ್ಟರ್ ಪರೀಕ್ಷೆಯಾದರೆ ಖಂಡಿತ ಮುಂದೆ ಹಾಕಿ. ಇಂಟರ್ನಲ್ ಆದರೆ ಪರವಾಗಿಲ್ಲ, ಶನಿವಾರ ಅವಳಿಗೆ ಬಿಡುವಿದ್ದೀತು.

ಬರುವ ದಾರಿ. ಬೆಂಗಳೂರಿನಿಂದ ಕಣ್ಣೂರಿಗೆ ರಾತ್ರಿ ರೈಲಿದೆ, ಹಾಸನ, ಮಂಗಳೂರು ಮೂಲಕ. ಶುಕ್ರವಾರ ರಾತ್ರಿ ಹತ್ತಿದರೆ ಶನಿವಾರ ತಿಂಡಿ ಹೊತ್ತಿಗೆ ಕಾಸರಗೋಡು ದಾಟಿ ಕಾಞಂಗಾಡಿಗೆ ಬರುತ್ತದೆ. ಇಳಿಯಬೇಕಾದದ್ದು ಕಾಞಂಗಾಡಿನಲ್ಲಿ. ಹೆಸರು ನೋಡಿ ಕಾಸರಗೋಡಿನಲ್ಲಿ ಇಳಿಯುವವರು ಜಾಸ್ತಿ, ಪೆರಿಯಕ್ಕೆ ಹತ್ತಿರ ಕಾಞಂಗಾಡು. ನಮ್ಮ ಹಿರಿಯರು ಕಾಞಂಗಾಡನ್ನು ಹೊಸದುರ್ಗ ಎನ್ನುತ್ತಾರೆ, ತಾಲ್ಲೂಕಿನ ಹೆಸರೂ ಅದೇ. ಹಾಗಂತ ಟಿಕೆಟ್ ಬುಕ್ ಮಾಡುವಾಗ ಹೊಸದುರ್ಗ ಎಂದು ಹುಡುಕಬೇಡಿ. ಹೊಸದುರ್ಗ ರೋಡ್ ಸ್ಟೇಷನ್ ಇರುವುದು ಚಿತ್ರದುರ್ಗ ಜಿಲ್ಲೆಯಲ್ಲಿ!

ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ವಾರದ ಕೊನೆಯ ಸ್ಲೀಪರ್ ಬೇಗ ತುಂಬುತ್ತದೆ, ಈಗಲೇ ಮಾಡಿಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಘಟ್ಟದಲ್ಲಿ 57 ಸುರಂಗ ಉಂಟು, ಆದರೆ ಕತ್ತಲಲ್ಲಿ ದಾಟುತ್ತೀರಿ, ಏನೂ ಕಾಣುವುದಿಲ್ಲ. ನಿದ್ದೆ ಮಾಡಿ. ಮಂಗಳೂರು ಸೆಂಟ್ರಲಿನಲ್ಲಿ ಎದ್ದರೆ ಸಾಕು. ಅಲ್ಲಿಂದ ರೈಲು ಬಂದ ದಿಕ್ಕಿಗೇ ತಿರುಗಿ ಹೊರಡುತ್ತದೆ. ಆಗ ಪಡುವಣ ಕಿಟಕಿ ಹಿಡಿಯಿರಿ. ನೇತ್ರಾವತಿ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ಹೀಗೆ ಒಂದರ ಹಿಂದೆ ಒಂದು ಹೊಳೆ. ಕುಂಬಳೆಯ ಹತ್ತಿರ ಕಡಲು ಹಳಿಯ ಪಕ್ಕಕ್ಕೇ ಬಂದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದು ರೈಲು ನಿಲ್ಲುವುದುಂಟು. ಜೂನ್‌ನಿಂದ ಆಗಸ್ಟ್ ಒಳಗೆ ಬರುವುದಾದರೆ ಮಂಗಳೂರು ಬಸ್ಸಿನ ಯೋಚನೆಯೂ ತಲೆಯಲ್ಲಿರಲಿ. ಮಂಗಳೂರಿನಿಂದ ಕಾಸರಗೋಡಿಗೆ ಎರಡೂ ರಾಜ್ಯದ ಸರ್ಕಾರಿ ಬಸ್ಸು ಓಡುತ್ತವೆ.

ಬಸ್ಸಿನಲ್ಲಿ ಬಂದರೆ ಒಂದು ಕಡೆ ಎಚ್ಚರ ಬೇಕು. ಕಾಸರಗೋಡಿನಿಂದ ಕಾಞಂಗಾಡಿಗೆ ಎರಡು ರಸ್ತೆ. ಒಂದು ಚಂದ್ರಗಿರಿ ಸೇತುವೆ ದಾಟಿ ಕಡಲ ಬದಿಯಲ್ಲಿ, ಉದುಮ, ಬೇಕಲ, ಪಳ್ಳಿಕ್ಕರೆ ಮೂಲಕ. ಇನ್ನೊಂದು ರಾಷ್ಟ್ರೀಯ ಹೆದ್ದಾರಿ 66, ಚೆರ್ಕಳ, ಪೊಯಿನಾಚಿ, ಪೆರಿಯ ಮೂಲಕ. ಎರಡರ ಬಸ್ಸಿಗೂ ಬೋರ್ಡಿನಲ್ಲಿ ಕಾಞಂಗಾಡು ಎಂದೇ ಇರುತ್ತದೆ. ಹತ್ತುವ ಮೊದಲು "ಪೆರಿಯ ಹೋಗುತ್ತದಾ" ಎಂದು ಕಂಡಕ್ಟರ್ ಹತ್ತಿರ ಕೇಳಿ. ನನ್ನ ಸೋದರಳಿಯ ಒಮ್ಮೆ ಕೇಳದೆ ಹತ್ತಿ, ದೊಡ್ಡ ಸೂಟ್‌ಕೇಸ್ ಸಮೇತ ಬೇಕಲ ಕೋಟೆಯ ಮುಂದೆ ಇಳಿದಿದ್ದ. ನಂತರ ಅದನ್ನೇ ಪ್ಲಾನ್ ಮಾಡಿ ಬಂದೆ ಎಂದು ಸಾಧಿಸಿದ.

ಈಗ ಹಾಸ್ಟೆಲ್. ಉಳಿಯುವ ಲೆಕ್ಕ ಇಟ್ಟುಕೊಳ್ಳಬೇಡಿ. ಹುಡುಗಿಯರ ಹಾಸ್ಟೆಲಿನಲ್ಲಿ ಹೊರಗಿನವರನ್ನು ರಾತ್ರಿ ಇರಿಸಿಕೊಳ್ಳಲು ಸಾಮಾನ್ಯವಾಗಿ ಎಲ್ಲೂ ಬಿಡುವುದಿಲ್ಲ. ಬಿಟ್ಟರೂ ವಾರ್ಡನ್ ಅನುಮತಿ ಮೊದಲೇ ಬೇಕು. ಕದ್ದು ಉಳಿದು ಸಿಕ್ಕಿಬಿದ್ದರೆ ನೀವು ರೈಲು ಹತ್ತಿ ಹೋಗುತ್ತೀರಿ, ಬೈಸಿಕೊಳ್ಳುವವಳು ಅವಳು. ಕಾಞಂಗಾಡು ಪೇಟೆಯಲ್ಲಿ ಬಸ್ ಸ್ಟ್ಯಾಂಡಿನ ಸುತ್ತ ಸಾಧಾರಣ ಲಾಡ್ಜ್‌ಗಳಿವೆ. ಅಲ್ಲಿ ಒಂದು ರೂಮು ಮಾಡಿ, ಗೆಳತಿಗೆ ಹಾಸ್ಟೆಲಿನಿಂದ ಒಂದು ರಾತ್ರಿಯ ಔಟ್‌ಪಾಸ್ ಸಿಗುತ್ತದಾ ಕೇಳಿ. ಸಿಕ್ಕಿದರೆ ಇಬ್ಬರೂ ರಾತ್ರಿಯಿಡೀ ಮಾತಾಡಬಹುದು. ನಿಜ ಹೇಳಬೇಕೆಂದರೆ ನೀವು ಬರುತ್ತಿರುವುದು ಅದಕ್ಕೇ ಅಲ್ವಾ? ಬೇಕಲದ ಸುತ್ತ ಇರುವ ರೆಸಾರ್ಟುಗಳು ನಾಲ್ಕು ಸಾವಿರದ ಲೆಕ್ಕಕ್ಕೆ ಬರುವುದಿಲ್ಲ. ಕಾಞಂಗಾಡಿನಲ್ಲೇ ಆನಂದಾಶ್ರಮವೂ ಇದೆ. ಸ್ವಾಮಿ ರಾಮದಾಸರು 1931ರಲ್ಲಿ ಕಟ್ಟಿದ್ದು. ಅಲ್ಲಿ ಉಳಿಯಬೇಕಾದರೆ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಮತ್ತೆ ಅದು ಆಶ್ರಮ, ರಾತ್ರಿ ಹನ್ನೆರಡರವರೆಗೆ ನಗಾಡುವ ಜಾಗ ಅಲ್ಲ.

ಶನಿವಾರ ಬೆಳಿಗ್ಗೆ ಬ್ಯಾಗ್ ರೂಮಿನಲ್ಲಿಟ್ಟು ಕ್ಯಾಂಪಸ್ಸಿಗೆ ಹೋಗಿ. ಬೇಕಲಕ್ಕೆ ಓಡಬೇಡಿ. ಹೆಚ್ಚಿನವರು ಕ್ಯಾಂಪಸ್ಸನ್ನು ಬಸ್ ಸ್ಟಾಪಿನ ಹಾಗೆ ನೋಡುತ್ತಾರೆ, ಗೆಳೆಯರನ್ನು ಅಲ್ಲಿಂದ ಎತ್ತಿಕೊಂಡು ಹೊರಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅವಳು ಎರಡು ವರ್ಷ ಬದುಕುವ ಜಾಗ ಅದು. ಅವಳು ಊಟ ಮಾಡುವ ಮೇಜು, ಲೈಬ್ರರಿಯಲ್ಲಿ ಕೂರುವ ಮೂಲೆ, ಜಗಳವಾಡಿದ ರೂಮ್‌ಮೇಟ್, ಇವನ್ನು ನೋಡಿದ ಮೇಲೆ ನಿಮ್ಮ ಫೋನ್ ಮಾತಿಗೆ ಒಂದು ಚಿತ್ರ ಸಿಗುತ್ತದೆ.

ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಕ್ಯಾಂಪಸ್ 310 ಎಕರೆ, ತೇಜಸ್ವಿನಿ ಹಿಲ್ಸ್ ಎಂದು ಹೆಸರು. ದೇಶದ ಎಲ್ಲ ಕಡೆಯ ಮಕ್ಕಳಿರುವುದರಿಂದ ಕ್ಯಾಂಟೀನಿನಲ್ಲಿ ಭಾಷೆಯ ತೊಂದರೆ ಇಲ್ಲ. ಕನ್ನಡ ವಿಭಾಗವೂ ಇದೆ. ಆದರೆ ನೆರಳಿನ ಹಸಿರು ಕ್ಯಾಂಪಸ್ ಎಂದುಕೊಂಡು ಬರಬೇಡಿ. ಇದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಪದವು; ಮರವಿಲ್ಲದ ಎತ್ತರದ ಬಯಲು. ನೆಲ ಕೆಂಪು, ಗಟ್ಟಿ, ಮಾರ್ಚಿಯಿಂದ ಮೇ ತನಕ ಕಾದ ಹಂಚಿನ ಹಾಗೆ. ಮೈಸೂರು ಮಾನಸಗಂಗೋತ್ರಿಯ ಮರಗಳನ್ನು ನೆನೆದು ಬಂದವರಿಗೆ ಮೊದಲ ದಿನ ನಿರಾಸೆಯೇ. ಮುರಕಲ್ಲು ನೆಲದಡಿಯಲ್ಲಿದ್ದಾಗ ಮೆತ್ತಗೆ, ಕತ್ತಿಯಿಂದ ಕಡಿಯಬಹುದು. ಗಾಳಿಗೆ ಬಿಟ್ಟರೆ ಕಲ್ಲಾಗುತ್ತದೆ. ನಮ್ಮ ಮನೆ, ಬಾವಿಕಟ್ಟೆ, ಬೇಕಲ ಕೋಟೆ ಎಲ್ಲವೂ ಇದರದ್ದೇ. ಇದೇ ಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು ಈ ಜಿಲ್ಲೆಯ ತೋಟಗಳಲ್ಲಿ ಸಾವಿರಾರು ಇವೆ.

ಮಳೆ ಬಂದ ಮೇಲೆ ಬನ್ನಿ, ಇದೇ ಬೋಳು ಪದವು ಗುರುತೇ ಸಿಗುವುದಿಲ್ಲ. ಓಣಂ ಹೊತ್ತಿಗೆ ಕಲ್ಲಿನ ಮೇಲೆ ನಿಂತ ತೆಳು ನೀರಿನಲ್ಲಿ ಬೆರಳ ಉಗುರಿನಷ್ಟು ನೀಲಿ ಹೂವು ಹಾಸಿಕೊಂಡಿರುತ್ತವೆ. ಮಲಯಾಳದಲ್ಲಿ ಕಾಕ್ಕಪ್ಪೂವು. ನೋಡಲು ಪಾಪದ ಹೂವು, ನಿಜವಾಗಿ ಸಣ್ಣ ಹುಳ ಹಿಡಿದು ತಿನ್ನುವ ಗಿಡ. ಎಂ.ಎಸ್ಸಿ. ಯಾವ ವಿಷಯ ಎಂದು ನೀವು ಬರೆದಿಲ್ಲ, ಸಸ್ಯಶಾಸ್ತ್ರವಾದರೆ ಅವಳೇ ನಿಮ್ಮನ್ನು ಕುಳ್ಳಿರಿಸಿ ಪಾಠ ಮಾಡುತ್ತಾಳೆ.

ಒಂದು ಮಾತು. ಪೆರಿಯದ ಸುತ್ತ ಗೇರು ತೋಟಗಳಿವೆ. ಈ ಜಿಲ್ಲೆಯ ಸರ್ಕಾರಿ ಗೇರು ತೋಟಗಳಿಗೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು, 2000ದವರೆಗೂ. ಪುಲ್ಲೂರು ಪೆರಿಯ ಪಂಚಾಯಿತಿಯೂ ಅದರ ಪೆಟ್ಟು ತಿಂದದ್ದೇ. ಇನ್ನೂ ಹಾಸಿಗೆಯಲ್ಲಿರುವ ಮಕ್ಕಳು ಆ ಮನೆಗಳಲ್ಲಿದ್ದಾರೆ. ಅದನ್ನು ನೋಡಲು ಹೋಗುವುದು ಬೇಡ. ಗೇರು ತೋಟದ ಪಕ್ಕ ಫೋಟೋ ತೆಗೆಯುವಾಗ ತಿಳಿದಿರಲಿ ಎಂದು ಹೇಳಿದೆ.

ಮಧ್ಯಾಹ್ನ ಊಟ ಕ್ಯಾಂಟೀನಿನಲ್ಲೋ ಪೇಟೆಯಲ್ಲೋ ಮಾಡಿ. ಕುಚ್ಚಲಕ್ಕಿ ಅನ್ನ ದಪ್ಪ ಕಂಡು ಹೆದರಬೇಡಿ. ನೀರು ನಸುಗೆಂಪಾಗಿ ಬೆಚ್ಚಗಿದ್ದರೆ ಅದು ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ್ದು, ಕೊಳಕಲ್ಲ. ಮೀನು ತಿನ್ನುವವರಾದರೆ ಬಂಗುಡೆ ಬಿಟ್ಟು ಕಲ್ಲುಮ್ಮಕ್ಕಾಯಿ ಕೇಳಿ. ಕಡಲ ಚಿಪ್ಪಿನ ಜೀವಿ, ತುಳುವರ ಪಚ್ಚಿಲೆ ಅದು. ಅಕ್ಕಿಹಿಟ್ಟು ತುಂಬಿಸಿ ಬೇಯಿಸಿ ಹುರಿದದ್ದು ಸಿಕ್ಕಿದರೆ ಬಿಡಲೇಬೇಡಿ. ಸಸ್ಯಾಹಾರಿಯಾದರೆ ಪುಟ್ಟು ಕಡಲೆ, ಸಂಜೆ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ.

ಬೇಕಲಕ್ಕೆ ನಾಲ್ಕು ಗಂಟೆಯ ಮೇಲೆ ಹೋಗಿ. 40 ಎಕರೆ ಕೋಟೆ, ಕೇರಳದಲ್ಲೇ ದೊಡ್ಡದು, ಒಳಗೆ ನೆರಳು ಅಷ್ಟಕ್ಕಷ್ಟೆ. ಮಧ್ಯಾಹ್ನ ಹೋದವರು ಕೋಟೆಯನ್ನಲ್ಲ, ಬಿಸಿಲನ್ನು ನೋಡಿ ಬರುತ್ತಾರೆ. ಟಿಕೆಟ್ 25 ರೂಪಾಯಿ. ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಎಲ್ಲಿಯ ಮಲೆನಾಡಿನ ಇಕ್ಕೇರಿ, ಎಲ್ಲಿಯ ಬೇಕಲ! ಆ ಕಾಲದಲ್ಲಿ ಕಾಳುಮೆಣಸು, ಅಕ್ಕಿ ಹೊರಡುತ್ತಿದ್ದ ಕರಾವಳಿ ಇದು. ಬಂದರು ಕೈಯಲ್ಲಿದ್ದವನ ಕೈಯಲ್ಲಿ ಹಣ. ನಂತರ ಹೈದರಾಲಿ, ಟಿಪ್ಪು, ಕೊನೆಗೆ 1799ರಲ್ಲಿ ಕಂಪನಿ ಸರ್ಕಾರ.

ನೋಡಲೇಬೇಕಾದದ್ದು ಒಂದು ಹೇಳುತ್ತೇನೆ, ಹೆಚ್ಚಿನವರು ಸೆಲ್ಫಿ ಭರದಲ್ಲಿ ತಪ್ಪಿಸಿಕೊಳ್ಳುತ್ತಾರೆ. ಕಡಲ ಬದಿಯ ಗೋಡೆಯಲ್ಲಿ ಬಂದೂಕಿನ ಕಿಂಡಿಗಳಿವೆ. ಒಂದೊಂದಕ್ಕೂ ಕಣ್ಣಿಟ್ಟು ನೋಡಿ. ಮೇಲಿನ ಕಿಂಡಿಯಲ್ಲಿ ದೂರದ ಕಡಲು ಕಾಣುತ್ತದೆ. ಅದರ ಕೆಳಗಿನದರಲ್ಲಿ ಹತ್ತಿರದ್ದು. ತೀರಾ ಕೆಳಗಿನದರಲ್ಲಿ ಗೋಡೆಯ ಬುಡ. ಹಡಗು ದೂರವಿದ್ದಾಗ, ಹತ್ತಿರ ಬಂದಾಗ, ದಡಕ್ಕೆ ಇಳಿದಾಗ ಎಲ್ಲಿಂದ ಹೊಡೆಯಬೇಕು ಎಂದು ಕಟ್ಟುವಾಗಲೇ ಲೆಕ್ಕ ಹಾಕಿದ್ದಾರೆ. ಪಕ್ಕದ ಕಿಂಡಿಯಲ್ಲಿ ಗೆಳತಿ ನೋಡಲಿ, ಏನು ಕಾಣುತ್ತದೆ ಎಂದು ಕೂಗಿ ಹೇಳಿಕೊಳ್ಳಿ. ಬಾಗಿಲಲ್ಲೇ ಆಂಜನೇಯನ ಗುಡಿ ಇದೆ, ಹತ್ತಿರದಲ್ಲೇ ಹಳೆಯ ಮಸೀದಿ. ಕಾವಲಿನವರು ಕತ್ತಲಾಗುವ ಮೊದಲೇ ಹೊರಗೆ ಕಳಿಸುತ್ತಾರೆ. ಸೂರ್ಯ ಮುಳುಗುವುದನ್ನು ಪಳ್ಳಿಕ್ಕರೆಯ ಬೀಚಿನಲ್ಲಿ ನೋಡಿ. ನೀರಿಗೆ ಮೊಣಕಾಲಿನ ಮೇಲೆ ಇಳಿಯಬೇಡಿ, ಸೆಳೆತ ಇದೆ. ಕತ್ತಲಾದ ಮೇಲೆ ಪೆರಿಯದ ಕಡೆಗೆ ಬಸ್ಸು ಕಡಿಮೆ. ಆಟೋ ಹಿಡಿಯುವುದಾದರೆ ಹತ್ತುವ ಮೊದಲೇ ರೇಟು ಮಾತಾಡಿ. ಅವಳ ಹಾಸ್ಟೆಲ್ ಗೇಟು ಎಷ್ಟಕ್ಕೆ ಹಾಕುತ್ತಾರೆ ಎಂಬುದನ್ನು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.

ನವೆಂಬರಿನಿಂದ ಮೇ ಒಳಗೆ ಬಂದರೆ ಬೇಕಾದರೆ ಬೇಕಲವನ್ನೂ ಬಿಡಿ ಅನ್ನುತ್ತೇನೆ. ಆಗ ಹೊಳೆಯ ಆಚೆ ತೆಯ್ಯಂ ಕಾಲ, ವೇಷ ಕಟ್ಟಿ ದೈವವಾಗಿ ಕುಣಿಯುವ ಆರಾಧನೆ ಅದು. ಯಾವ ತರವಾಡಿನಲ್ಲಿ (ಹಳೆಯ ಕುಟುಂಬದ ಮನೆ), ಯಾವ ಕಾವಿನಲ್ಲಿ (ದೈವದ ಬನ) ಆ ರಾತ್ರಿ ಕಟ್ಟುತ್ತಾರೆ ಎಂದು ಅಲ್ಲಿನ ಹುಡುಗರಿಗೆ ಗೊತ್ತಿರುತ್ತದೆ. ನಮ್ಮ ಭೂತಕೋಲ ನೋಡಿದವರಿಗೆ ಹತ್ತಿರದ್ದು ಅನಿಸುತ್ತದೆ, ಆದರೂ ಬೇರೆಯೇ. ಮುಖಕ್ಕೆ ಫ್ಲಾಶ್ ಹಾಕಬೇಡಿ, ದಾರಿಗೆ ಅಡ್ಡ ನಿಲ್ಲಬೇಡಿ.

ಭಾಷೆಯ ವಿಷಯ. ಹೊಳೆಯ ಈಚೆ, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಕನ್ನಡವೇ ಸಾಕು. ನೀವು "ಏನು" ಅಂದರೆ ನಾವು "ಎಂತ" ಅನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಆಚೆ ಮಲಯಾಳ. ನಾಲ್ಕು ಶಬ್ದ ಕಲಿತರೆ ಶನಿವಾರ ಕಳೆಯುತ್ತದೆ. ಎಷ್ಟು ಅನ್ನಲು ಎತ್ರ, ಎಲ್ಲಿ ಅನ್ನಲು ಎವಿಡೆ, ಸಾಕು ಅನ್ನಲು ಮದಿ, ಬೇಡ ಅನ್ನಲು ವೇಂಡ. ಗಂಡಸರಿಗೆ ಚೇಟ್ಟಾ, ಹೆಂಗಸರಿಗೆ ಚೇಚಿ. ಕನ್ನಡದ ಶಬ್ದವನ್ನು ಸುಮ್ನೆ ಮಲಯಾಳಕ್ಕೆ ಎಳೆಯಲು ಮಾತ್ರ ಹೋಗಬೇಡಿ. ನಮ್ಮ ನೆಂಟರೊಬ್ಬರು ಹೋಟೆಲಿನಲ್ಲಿ ತಿಂಡಿಯ ವಿವರ ತಿಳಿಯಲು "ಪಟ್ಟಿ ಉಂಡೋ" ಎಂದು ಕೇಳಿದರು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಸಪ್ಲೈಯರ್ ಸ್ವಲ್ಪ ಹೊತ್ತು ಯೋಚಿಸಿ, ಇವತ್ತು ಇಲ್ಲ ಅಂದ.

ಭಾನುವಾರ ಬೇಗ ಹೊರಡಿ. ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಮತ್ತೆ ತೆರೆಯುವುದು ಸಂಜೆ. ಹಾಗಾಗಿ ಮಧೂರು, ಅನಂತಪುರ ಎರಡರಲ್ಲಿ ಒಂದಕ್ಕಾದರೂ ಹತ್ತು ಗಂಟೆಯೊಳಗೆ ತಲುಪಬೇಕು. ಕಾಸರಗೋಡಿನಿಂದ ಮಧೂರಿಗೆ ಸಿಟಿ ಬಸ್ಸು ಜಾಸ್ತಿ ಇವೆ. ಮುಖ್ಯ ದೇವರು ಮದನಂತೇಶ್ವರ, ಅಂದರೆ ಶಿವ; ಹೆಸರುವಾಸಿ ಮಾತ್ರ ಗಣಪತಿ. ಮಧುವಾಹಿನಿ ಹೊಳೆಯ ದಡದಲ್ಲಿ, ಆನೆಯ ಬೆನ್ನಿನ ಆಕಾರದ ಮೂರಂತಸ್ತಿನ ಮಾಡು. ಅಪ್ಪ ಎಂಬ ಸಿಹಿ ತಿಂಡಿಯ ಪ್ರಸಾದ ತೆಗೆದುಕೊಳ್ಳದೆ ಬರಬೇಡಿ. ಮಳೆಗಾಲದಲ್ಲಿ ಹೊಳೆ ಅಂಗಳಕ್ಕೇ ಬರುವುದುಂಟು, ನೀರಿನಲ್ಲಿ ನಡೆದು ದರ್ಶನ ಮಾಡಿದ ನೆನಪು ನನಗಿದೆ.

ಅನಂತಪುರ ಕುಂಬಳೆಯ ಹತ್ತಿರ, ಪದವಿನ ನಡುವೆ ಕಲ್ಲು ಕಡಿದು ಮಾಡಿದ ಕೆರೆ, ಕೆರೆಯ ನಡುವೆ ಗುಡಿ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದೇ ಎಂದು ನಂಬಿಕೆ. ಬಬಿಯ ಎಂಬ ಮೊಸಳೆಯ ಬಗ್ಗೆ ಕೇಳಿರುತ್ತೀರಿ. ದೇವಸ್ಥಾನದ ನೈವೇದ್ಯ ತಿನ್ನುತ್ತಿದ್ದ ಮೊಸಳೆ. ಅದು 2022ರ ಅಕ್ಟೋಬರ್ 9ಕ್ಕೆ ತೀರಿಕೊಂಡಿತು. ಜಾತ್ರೆಯ ಹಾಗೆ ಜನ ಸೇರಿತ್ತು. ಮರುವರ್ಷ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಎಲ್ಲಿಂದ ಬಂತು ಎಂದು ಊರವರನ್ನು ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಕಥೆ. ಕಾಣುವುದು ನಿಮ್ಮ ಅದೃಷ್ಟ. ಮಧೂರು, ಅನಂತಪುರ ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಬೇಕಾದರೆ ಆಟೋ ಮಾಡಲೇಬೇಕು. ಇಲ್ಲದಿದ್ದರೆ ಒಂದನ್ನು ಬಿಡಿ. ನನ್ನನ್ನು ಕೇಳಿದರೆ ಮಧೂರು ಬಿಟ್ಟು ಅನಂತಪುರ ನೋಡಿ, ನಮ್ಮ ಮನೆಯವರನ್ನು ಕೇಳಿದರೆ ಉಲ್ಟಾ ಹೇಳುತ್ತಾರೆ.

ಮಧ್ಯಾಹ್ನ ಕುಂಬಳೆಯಲ್ಲಿ ಊಟ. ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಊರು ಅದು. ಅಲ್ಲಿಂದ ಬಸ್ಸಿನಲ್ಲಿ ಮಂಜೇಶ್ವರ. ಗೋವಿಂದ ಪೈಗಳು ಬಾಳಿದ ಮನೆ ಅಲ್ಲಿದೆ, ಈಗ ಗಿಳಿವಿಂಡು ಎಂಬ ಸ್ಮಾರಕ. ಆಗಿನ ಮದ್ರಾಸ್ ಸರ್ಕಾರ 1949ರಲ್ಲಿ ರಾಷ್ಟ್ರಕವಿ ಎಂದು ಕರೆದದ್ದು ಅವರನ್ನೇ. ಗಡಿಯ ಒಂದು ಸಣ್ಣ ಊರಲ್ಲಿ ಕೂತು ಇಪ್ಪತ್ತಕ್ಕೂ ಹೆಚ್ಚು ಭಾಷೆ ಕಲಿತವರು. ಭಾನುವಾರ ತೆರೆದಿದೆಯಾ ಎಂದು ಮೊದಲು ವಿಚಾರಿಸಿ. ಬಾಗಿಲು ಹಾಕಿದ್ದರೆ ನೇರ ರಾಜ್ಯದ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿಬಿಡಿ.

ದುಡ್ಡು ಸಾಕು. ಸ್ಲೀಪರ್ ಟಿಕೆಟ್, ಸಾಧಾರಣ ರೂಮು, ಬಸ್ಸು, ಎರಡು ದಿನದ ಊಟ, ನಾಲ್ಕಾರು ಆಟೋ, ಎಲ್ಲ ನಾಲ್ಕು ಸಾವಿರದೊಳಗೆ ಬರುತ್ತದೆ. ಕಾಸರಗೋಡು ಸೀರೆಯ ಆಸೆ ಇದ್ದರೆ ಮಾತ್ರ ಬೇರೆ ಎತ್ತಿಡಿ. ವಿದ್ಯಾನಗರದ ನೇಕಾರರ ಸಂಘದ್ದು, ಜಿಐ, ಅಂದರೆ ಊರಿನ ವಿಶೇಷ ವಸ್ತು ಎಂಬ ಭೌಗೋಳಿಕ ಗುರುತು ಪಡೆದ ಹತ್ತಿಯ ಕೈಮಗ್ಗದ ಸೀರೆ. ಭಾನುವಾರ ಅಂಗಡಿಯ ನಂಬಿಕೆ ಇಲ್ಲ, ಗೆಳತಿಗೆ ಮೊದಲೇ ಹೇಳಿ ತರಿಸಿಡಿ. ಬರುವಾಗ ಅವಳಿಗೆ ಕೇಕು ಚಾಕಲೇಟು ತರಬೇಡಿ, ಅದು ಇಲ್ಲೂ ಸಿಗುತ್ತದೆ. ಮನೆಯ ಚಟ್ನಿಪುಡಿ, ಕೋಡುಬಳೆ, ಒಂದು ಡಬ್ಬ ಸಾರಿನ ಪುಡಿ ತನ್ನಿ. ಹಾಸ್ಟೆಲಿನ ಸಾಂಬಾರಿನಲ್ಲಿ ಎರಡು ತಿಂಗಳು ಕಳೆದ ಬಯಲುಸೀಮೆಯವರ ಮುಖ ನಾನು ನೋಡಿದ್ದೇನೆ.

ವಾಪಸ್ಸಿಗೆ ಅದೇ ರೈಲು. ಭಾನುವಾರ ಸಂಜೆ ಕಣ್ಣೂರಿನಿಂದ ಹೊರಟು, ಸೋಮವಾರ ಬೆಳಿಗ್ಗೆ ಬೆಂಗಳೂರು. ನೀವು ಮಂಜೇಶ್ವರದವರೆಗೆ ಬಂದಿರುವುದರಿಂದ ಕಾಸರಗೋಡಿಗೆ ಹಿಂದೆ ಹೋಗುವುದು ಬೇಡ. ಟಿಕೆಟ್ ಕಾಞಂಗಾಡಿನಿಂದ ತೆಗೆದು, ಹತ್ತುವ ಸ್ಟೇಷನ್ ಮಂಗಳೂರು ಸೆಂಟ್ರಲ್ ಎಂದು ಬುಕ್ ಮಾಡುವಾಗಲೇ ಹಾಕಿಡಿ. ಆಗ ಮಂಜೇಶ್ವರದಲ್ಲಿ ತಡವಾದರೂ ಸೀಟು ಬೇರೆಯವರ ಪಾಲಾಗುವುದಿಲ್ಲ. ಇನ್ನೂ ಸರಳ ಬೇಕಾದರೆ ಟಿಕೆಟ್ಟನ್ನೇ ಮಂಗಳೂರಿನಿಂದ ತೆಗೆಯಿರಿ. ಸ್ಟೇಷನ್ನಿಗೆ ಒಂದು ಗಂಟೆ ಮೊದಲು ಬನ್ನಿ. ಭಾನುವಾರ ಸಂಜೆ ತೊಕ್ಕೊಟ್ಟಿನಿಂದ ನೇತ್ರಾವತಿ ಸೇತುವೆಯವರೆಗೆ ಬಸ್ಸು ನಡೆದ ಹಾಗೆ ಹೋಗುತ್ತದೆ.